ಹಲ್ಲಿನಿಂದ ವಾಚು ಕೇಳುತ್ತಿದ್ದ ಚಾಚಾ

ಲವಂಗದೆಣ್ಣೆಯ ವಾಸನೆ ನನಗೆ ಆಗಿಬರುವುದಿಲ್ಲ. ಹೋದ ವಾರ ಹಾವೇರಿಯಲ್ಲಿ ಹಲ್ಲಿನ ಡಾಕ್ಟರು ಅದರಲ್ಲಿ ಅದ್ದಿದ ಹತ್ತಿಯನ್ನು ನನ್ನ ಮೇಲಿನ ಮುಂಹಲ್ಲಿನ ಬುಡಕ್ಕೆ ಒತ್ತಿ, "ಇದು ಉಳಿಯಂಗಿಲ್ರಿ, ತೆಗದುಬಿಡೋಣ" ಅಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸೋಮವಾರ ಬರುತ್ತೇನೆ ಅಂತ ಹೇಳಿ ಹೊರಗೆ ಬಂದೆ. ಅರವತ್ತು ದಾಟಿದ ಮನುಷ್ಯ ಸೂಜಿಗೆ ಹೆದರಿ ಓಡಿದ ಅಂತ ಆ ಹುಡುಗ ಡಾಕ್ಟರು ನಕ್ಕಿರಬೇಕು. ನಗಲಿ ಬಿಡಿ. ಹತ್ತು ವರ್ಷದ ಹಿಂದೆ ಇಂಥದೇ ಕುರ್ಚಿ, ಇದೇ ವಾಸನೆ... ಕೂತವರು ಬೇರೆ. ಕರೆದುಕೊಂಡು ಹೋಗಿ ಕೂರಿಸಿದವನು ಮಾತ್ರ ನಾನು.

ಆಗ ನಾನು ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ದಿನಕ್ಕೆ ನೂರು ಸಲ ಕಿಟಕಿಯಲ್ಲಿ ಒಂದೇ ಪ್ರಶ್ನೆ: "ಹಾವೇರಿ ಗಾಡಿ ಯಾವಾಗ್ರಿ?" ನನ್ನದೂ ಒಂದೇ ಉತ್ತರ: "ಬಂತ್ರಿ, ಐದ ನಿಮಿಷ." ಗಾಡಿ ಎಲ್ಲಿದೆ ಅಂತ ನನಗೆ ಗೊತ್ತಿದ್ದರೆ ತಾನೆ! ಆದರೆ ಹಾಗೆ ಅಂದ ಕೂಡಲೇ ಮುಖ ಸಡಿಲಾಗಿ, ಗಂಟು ಕೆಳಗಿಟ್ಟು ನೆಮ್ಮದಿಯಿಂದ ಕೂರುತ್ತಿದ್ದರು. ಅದೊಂದು ಉಪಕಾರ ಅಂತಲೇ ತಿಳಿದಿದ್ದೆ. ನೌಕರಿ ಪೂರ್ತಿ ಈ ಪುಣ್ಯ ಕಟ್ಟಿಕೊಂಡೆ.

ನನ್ನ ಮಾವನವರ ಹಳೆಯ ವಾಚೊಂದು ನನ್ನ ಪಾಲಿಗೆ ಬಂದಿತ್ತು. ಅದು ಟಿಕ್ ಟಿಕ್ ಅನ್ನುವ ಜಾತಿಯದಲ್ಲ, ಗುಂಯ್ ಅನ್ನುವ ಜಾತಿಯದು. ಒಳಗೆ ಒಂದಿಂಚಿನಷ್ಟೇ ಇರುವ ಎರಡು ಕಾಲಿನ ಉಕ್ಕಿನ ಕವೆ, ಶಾಲೆಯಲ್ಲಿ ವಿಜ್ಞಾನದ ಮಾಸ್ತರು ಮೇಜಿಗೆ ಬಡಿದು ಕಿವಿಗೆ ಹಿಡಿಯುತ್ತಿದ್ದರಲ್ಲ, ಅಂಥದು. ಸೆಲ್ಲಿನ ಶಕ್ತಿಯಿಂದ ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಸಲ ನಡುಗುತ್ತದೆ, ಆ ನಡುಕವೇ ಮುಳ್ಳನ್ನು ಓಡಿಸುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ವಾಚು ನಿಂತಾಗ ಹುಬ್ಬಳ್ಳಿಯಲ್ಲಿ ಮೂರು ಅಂಗಡಿಯವರು, ಇದು ಇನ್ನು ಮಕ್ಕಳ ಕೈಗೆ ಆಡಲಿಕ್ಕೆ ಅಂತ ವಾಪಸ್ಸು ಕೊಟ್ಟಿದ್ದರು. ಯಾರೋ ಹೇಳಿದರು, ಮಸೀದಿಯ ಪಕ್ಕದ ಓಣಿಯಲ್ಲಿ ಒಬ್ಬರು ಚಾಚಾ ಇದ್ದಾರೆ, ತೋರಿಸು ಅಂತ.

ಅವರ ಅಂಗಡಿ ಅಂದರೆ ಒಂದು ಮೇಜು, ಮೇಲೊಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಪೆಟ್ರೋಲಿನ ಮತ್ತು ವೀಳ್ಯದೆಲೆಯ ವಾಸನೆ. ಅವರು ನನ್ನ ವಾಚನ್ನು ತೆಗೆದುಕೊಂಡವರೇ ಬಾಯಿಗೆ ಹಾಕಿಕೊಂಡರು! ಮೇಲಿನ ಎರಡು ಮುಂಹಲ್ಲಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದರು.

"ತಿನ್ನಾಕ ಕೊಟ್ಟಿಲ್ರಿ ಚಾಚಾ" ಅಂದೆ.

ಅವರು ಉತ್ತರ ಕೊಡಲಿಲ್ಲ. ಕಿವಿ ಕೇಳಿಸದ ಮನುಷ್ಯ ಅಂತ ಆಮೇಲೆ ಗೊತ್ತಾಯಿತು. ಸಣ್ಣವರಿದ್ದಾಗ ಕಿವಿ ಸೋರಿ ಸೋರಿ ಎರಡೂ ಮುಚ್ಚಿಹೋಗಿದ್ದವು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಕಣ್ಣು ತೆರೆದು ವಾಚನ್ನು ಅಂಗೈಗೆ ಇಳಿಸಿ, "ಜೀವ ಐತ್ರಿ. ಗಾಲಿ ಅಷ್ಟ ಸಿಕ್ಕೊಂಡೈತಿ. ಮುಂದಿನ ಶುಕ್ರವಾರ ಬರ್ರಿ" ಅಂದರು. ಶುಕ್ರವಾರ ಹೋದೆ, ಓಡುತ್ತಿತ್ತು.

ಆಮೇಲೆ ಹೋಗುವುದೇ ಚಟವಾಯಿತು. ಈ ಜಾತಿಯ ವಾಚುಗಳ ಮೇಲೆ ಅವರಿಗೆ ಹುಚ್ಚು. ಬಂಕಾಪುರದಲ್ಲಿ ಯಾರದೋ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಹುಲಗೂರಿನ ದರ್ಗಾಕ್ಕೆ ಬಂದವರೊಬ್ಬರು ಕೈಯಿಂದ ಬಿಚ್ಚಿಕೊಟ್ಟದ್ದು, ಹಾನಗಲ್ಲಿನಲ್ಲಿ ಗುಜರಿ ಸಾಮಾನಿನೊಳಗೆ ಬಿದ್ದದ್ದು, ಹೀಗೆ ಹನ್ನೊಂದು ಕೂಡಿಸಿದ್ದರು. ಖಾರದ ಅಂಗಡಿಯವರ ತಗಡಿನ ಡಬ್ಬಿಯಲ್ಲಿ ತೆಳ್ಳಗೆ ಹತ್ತಿ ಹಾಸಿ ಸಾಲಾಗಿ ಮಲಗಿಸಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟರೆ ಹಲಗೆಯೂ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಬಂದ ಗಿರಾಕಿಗಳು ಜೇನುಹುಳ ಹೊಕ್ಕಿದೆ ಅಂತ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ಚಾಚಾ ದಿನಾ ಬೆಳಿಗ್ಗೆ ಒಂದೊಂದನ್ನೇ ತೆಗೆದು ಹಲ್ಲಿಗೆ ಹಿಡಿದು ಕೇಳುತ್ತಿದ್ದರು. ಅದಕ್ಕೆ ಹಾಜರಿ ಅಂತ ಹೆಸರಿಟ್ಟಿದ್ದರು.

ಮುಳ್ಳು ನಿಂತಿದ್ದರೂ ದನಿ ಇದ್ದರೆ ಹೆದರಿಕೆಯಿಲ್ಲ, ತಪ್ಪು ಗಾಲಿಯದು. ಎಳ್ಳುಕಾಳಿನಷ್ಟು ಗಾಲಿಗೆ ಮುನ್ನೂರು ಹಲ್ಲು, ಒಂದು ಎಳೆ ಕಸ ಸಿಕ್ಕರೂ ನಿಲ್ಲುತ್ತದೆ. ಅದನ್ನು ತೊಳೆದು ಕೂರಿಸುವುದು ಅವರಿಗೆ ಗೊತ್ತು. ಹೊಸ ಸೆಲ್ಲು ಒಳ್ಳೇದಿದ್ದೂ ದನಿಯೇ ಇಲ್ಲದಿದ್ದರೆ ಒಳಗಿನ ತಂತಿಯ ಸುರುಳಿ ಹೋಗಿದೆ ಅಂತ ಅರ್ಥ. ಕೂದಲಿಗಿಂತ ತೆಳುವಾದ ತಂತಿ ಅದು. ಹೊಸದು ಎಲ್ಲೂ ಸಿಗುವುದಿಲ್ಲ, ವಾಚು ಸತ್ತಂತೆಯೇ. ತಂತಿಯಲ್ಲಿ ಕರೆಂಟು ಹರಿಯುತ್ತದೋ ಇಲ್ಲವೋ ಅಂತ ಮೀಟರ್ ಹಚ್ಚಿ ನೋಡಬಹುದಿತ್ತು. ಆದರೆ ಮೀಟರಿನ ಕಡ್ಡಿ ತಾಕಿ ಒಂದು ಸುರುಳಿ ಕಡಿದುಹೋದ ದಿನದಿಂದ ಅವರು ಮೀಟರನ್ನು ಮುಟ್ಟಿರಲಿಲ್ಲ. ಹಲ್ಲನ್ನೇ ನಂಬಿದ್ದರು.

ಹನ್ನೊಂದರಲ್ಲಿ ಒಂದು ಅವರಿಗೆ ಕೆಲಸ ಕಲಿಸಿದ ಉಸ್ತಾದರದು. ಮುಂಬೈಯಲ್ಲಿ ಕೆಲಸಕ್ಕಿದ್ದ ದಿನಗಳಲ್ಲಿ ಉಸ್ತಾದರು ಒಂದು ದಿನ ಇದ್ದಕ್ಕಿದ್ದಂತೆ ಅದನ್ನು ಇವರ ಹಲ್ಲಿಗೆ ಹಿಡಿದರಂತೆ. ನಡುಕ ಹಲ್ಲಿನ ಬೇರಿನಿಂದ ತಲೆಯ ಎಲುಬಿಗೆ ಹತ್ತಿ ಒಳಗಿವಿಯನ್ನು ಮುಟ್ಟಿತು. ಬುದ್ಧಿ ಬಂದಾಗಿನಿಂದ ಕೇಳಿಸಿದ ಮೊದಲ ಸ್ಪಷ್ಟ ದನಿ ಅದು. "ತಲಿಯೊಳಗ ದೀಪಾ ಹಚ್ಚಿದಂಗಾತ್ರಿ ಸಾಹೇಬ್ರ. ಅತ್ತಬಿಟ್ಟೆ" ಅಂದಿದ್ದರು. ಊರಿಗೆ ಹೊರಟಾಗ ಉಸ್ತಾದರು ಅದನ್ನು ಇವರ ಕೈಗೇ ಕಟ್ಟಿ ಕಳಿಸಿದ್ದರು.

ಎಲೆ ಅಡಿಕೆ ಬಿಡದ ಬಾಯಿ ಅದು. ಒಂದು ಬೇಸಿಗೆಯಲ್ಲಿ ಕೆನ್ನೆ ಬಾತು, ಕೀವು ತುಂಬಿ, ಗಂಜಿಯೂ ಇಳಿಯದಂತಾಯಿತು. ಅವರ ಮಗಳು ಬಸ್ ಸ್ಟ್ಯಾಂಡಿಗೇ ಬಂದು, "ಅಣ್ಣಾ, ಹಲ್ಲು ತೆಗಸಾಕ ಒಲ್ಲೆ ಅಂತಾರ. ನಿಮ್ಮ ಮಾತ ಕೇಳ್ತಾರ, ನೀವರ ಹೇಳ್ರಿ" ಅಂತ ಕಣ್ಣೀರು ಹಾಕಿದಳು. ಹೋಗಿ ಹೇಳಿದೆ. ಚಾಚಾ ತಲೆಯಲ್ಲಾಡಿಸಿ, "ಮುನ್ನೂರ ಹಲ್ಲಿನ ಗಾಲಿ ಕಾಯೋ ಮನಷ್ಯಾ ನಾ. ನನ್ನ ಎರಡ ಹಲ್ಲು ಕಾಯಾಕ ಆಗವಲ್ದು ನೋಡ್ರಿ" ಅಂದರು. "ಹೊಸಾ ಹಲ್ಲು ಕಟ್ಟಿಸ್ಕೋರಿ ಚಾಚಾ, ಅದ್ರಾಗೂ ಕೇಳಸ್ತೈತಿ" ಅಂದೆ. ಯಾವ ಡಾಕ್ಟರನ್ನೂ ಕೇಳಿ ಹೇಳಿದ ಮಾತಲ್ಲ. ಬಾಯಿಗೆ ಬಂತು, ಹೇಳಿದೆ. ಅವರು ನಂಬಿದರು. ನಾನೇ ಕರೆದುಕೊಂಡು ಹೋದೆ, ಡಾಕ್ಟರು ಬಾಯಲ್ಲಿ ಒಂದು ಹಲ್ಲನ್ನೂ ಉಳಿಸಲಿಲ್ಲ.

ಹಲ್ಲು ತೆಗೆಸಿದ್ದು ತಪ್ಪಾಗಿರಲಿಲ್ಲ, ನೋವು ಹೋಯಿತು, ಊಟ ಸೇರಿತು. ಮೂರು ತಿಂಗಳಾದ ಮೇಲೆ ಹೊಸ ಹಲ್ಲಿನ ಸೆಟ್ಟು ಬಂತು. ಅಂಗಡಿಗೆ ಬಂದವರೇ ಡಬ್ಬಿ ತೆಗೆದು ಉಸ್ತಾದರ ವಾಚನ್ನು ಹಲ್ಲಿಗೆ ಹಿಡಿದರು. ತಿರುಗಿಸಿ ಹಿಡಿದರು. ಕಿವಿಯ ಹಿಂದಿನ ಎಲುಬಿಗೆ, ಹಣೆಗೆ... ಕೊನೆಗೆ ಮೇಜಿನ ಮೇಲಿಟ್ಟು, "ಕೇಳಿಸವಲ್ದು" ಅಂದರು, ಅಷ್ಟೇ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಹಾಜರಿಯ ಕೆಲಸ ನನ್ನದಾಯಿತು. ನನಗೆ ಕಿವಿಯೇ ಸಾಕಿತ್ತು, ಆದರೆ ಚಾಚಾ ಹಲ್ಲಿನ ಸಾಕ್ಷಿಯನ್ನೇ ನಂಬುತ್ತಿದ್ದರು. ಡ್ಯೂಟಿಗೆ ಹೋಗುವ ಮುಂಚೆ ಅಂಗಡಿಯಲ್ಲಿ ಕೂತು ಒಂದೊಂದನ್ನೇ ನನ್ನ ಹಲ್ಲಿಗೆ ಹಿಡಿದು, ದನಿಯಿದ್ದರೆ ಬೆರಳೆತ್ತುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ, ಕುಟ್ಟಿದ ಎಲೆ ಅಡಿಕೆಯನ್ನು ಬಾಯಲ್ಲಿ ಅತ್ತಿತ್ತ ಹೊರಳಿಸುತ್ತ ಕೂತಿರುತ್ತಿದ್ದರು. ಹನ್ನೊಂದನೇ ಸಲ ಬೆರಳೆತ್ತಿದಾಗ ಡಬ್ಬಿ ಮುಚ್ಚುತ್ತಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ ಹೋದಾಗ ಉಸ್ತಾದರ ವಾಚಿನ ಮುಳ್ಳು ನಿಂತಿತ್ತು. ಆಗಲೇ ಹೊಸ ಸೆಲ್ಲು ಹಾಕಿ ನೋಡಿದ್ದರು. ಅದನ್ನು ನನ್ನ ಕೈಗೆ ಕೊಟ್ಟರು. ಹಲ್ಲಿಗೆ ಹಿಡಿದೆ. ಏನೂ ಇಲ್ಲ. ಪಕ್ಕದ ಹಲ್ಲಿಗೆ ಹಿಡಿದೆ, ಉಸಿರು ಬಿಗಿಹಿಡಿದೆ. ಏನೂ ಇಲ್ಲ.

"ಜೀವ ಐತ್ರಿ, ಸಾಹೇಬ್ರ?"

ಕಿಟಕಿಯ ಆಚೆ ನಿಂತು ಹಾವೇರಿ ಗಾಡಿ ಕೇಳುವವರ ಮುಖವೇ ಅವರದು. ನನ್ನ ಬಾಯಿಗೆ ಬೇರೆ ಮಾತು ಎಲ್ಲಿ ಗೊತ್ತಿತ್ತು? "ಐತ್ರಿ ಚಾಚಾ. ಗುಂಯ್ ಅನ್ನಾಕತ್ತೈತಿ" ಅಂದೆ.

ಅವರ ಮುಖ ಸಡಿಲಾಯಿತು. "ಹಂಗಾರ ಗಾಲಿ. ಗಾಲಿ ಅಂದ್ರ ನನ್ನ ಕೈಯಾಗ ಐತಿ" ಅಂದರು.

ಅಂದಿನಿಂದ ಬೇರೆ ಕೆಲಸ ಹಿಡಿಯಲಿಲ್ಲ. ನಾಲ್ಕು ತಿಂಗಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದೊಂದರ ಮೇಲೆಯೇ ಬಗ್ಗಿದ್ದರು. ಗಾಲಿ ಬಿಚ್ಚುವುದು, ಪೆಟ್ರೋಲಿನಲ್ಲಿ ತೊಳೆಯುವುದು, ಕೂರಿಸುವುದು, ನನ್ನ ಕೈಗೆ ಕೊಡುವುದು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮಗಳು ಸಾಕು ಮಾಡಪ್ಪಾ ಅನ್ನುತ್ತಿದ್ದಳು. ನಾನು ಪ್ರತಿಸಲವೂ ಬೆರಳೆತ್ತುತ್ತಿದ್ದೆ. ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಹಲ್ಲು ತೆಗೆಸಿದವನೂ ನಾನೇ, ಈಗ ಇದನ್ನೂ ನಾನೇ ಹೇಳಬೇಕಲ್ಲ ಅಂತ ಹಿಂದೆ ಸರಿದೆ. ದಿನ ಕಳೆದಷ್ಟೂ, ಹೇಳಿದರೆ ಇಷ್ಟು ದಿನದ ಸುಳ್ಳಿಗೆಲ್ಲ ಉತ್ತರ ಕೊಡಬೇಕಾಗುತ್ತಿತ್ತು. ಹೇಡಿ ನಾನು, ಬೇರೇನಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅವರಿಗೆ ಜ್ವರ ಬಂತು. ಎಂಟೇ ದಿನ... ಮಣ್ಣು ಮುಗಿಸಿ ಬಂದ ಮೇಲೆ ಮಗಳು ಡಬ್ಬಿಯನ್ನು ನನ್ನ ಮುಂದಿಟ್ಟಳು. "ನಿಮಗ ಕೊಡಂತ ಹೇಳ್ಯಾರ ಅಣ್ಣಾ. ಉಸ್ತಾದ್ರ ವಾಚಿನಾಗ ಜೀವ ಐತಿ, ಅದನ್ನ ಕೈ ಬಿಡಬ್ಯಾಡ ಅಂತ ಹೇಳಂದ್ರು."

ನಿವೃತ್ತಿಯಾಗಿ ಹಿರೇಕೆರೂರಿನ ನಮ್ಮ ಮನೆಗೆ ಬಂದ ಮೇಲೆ ಒಂದು ದಿನ ಧೈರ್ಯ ಮಾಡಿ ಅದರ ಹಿಂದಿನ ಮುಚ್ಚಳ ಬಿಚ್ಚಿದೆ. ಅವರ ಭೂತಗನ್ನಡಿಯಲ್ಲೇ ನೋಡಿದೆ. ಗಾಲಿಗಳೆಲ್ಲ ನಿನ್ನೆ ಮಾಡಿದಂತೆ ಹೊಳೆಯುತ್ತಿದ್ದವು. ಸುರುಳಿಯ ಎರಡು ಸ್ಕ್ರೂಗಳ ಗೆರೆಯಲ್ಲಿ ಮಾತ್ರ ಹಳೆಯ ಧೂಳು ಹಾಗೇ ಕೂತಿತ್ತು. ನಾಲ್ಕು ತಿಂಗಳಲ್ಲಿ ಒಂದು ಸಲವೂ ಅವರು ಅದನ್ನು ಬಿಚ್ಚಿರಲಿಲ್ಲ. ಸುರುಳಿ ಸರಿಯಿದೆ ಅಂತ ನಾನು ಹೇಳಿದ್ದೆನಲ್ಲ.

ಈಗ ಹನ್ನೊಂದರಲ್ಲಿ ಎರಡು ಮಾತ್ರ ಓಡುತ್ತಿವೆ. ಇವತ್ತು ಭಾನುವಾರ, ನಾಳೆ ನನ್ನ ಈ ಹಲ್ಲೂ ಹೋಗುತ್ತದೆ. ಊಟವಾದ ಮೇಲೆ ಡಬ್ಬಿ ತೆಗೆದು ಆ ಎರಡನ್ನೂ ಅಲುಗಾಡುವ ಹಲ್ಲಿಗೆ ಮೆಲ್ಲಗೆ ಹಿಡಿದು ಕೇಳಿದೆ. ಆಮೇಲೆ ಉಸ್ತಾದರ ವಾಚನ್ನು ಹಿಡಿದೆ. ಬಹಳ ಹೊತ್ತು ಹಿಡಿದೇ ಇದ್ದೆ.

"ಇಲ್ರಿ ಚಾಚಾ" ಅಂದೆ, ತುಟಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ. "ಅವತ್ತೂ ಇರಲಿಲ್ರಿ."