ಗೋವಾದ ಗಿಡ್ಡ ಸೀರೆ

ಬೆಟಗೇರಿಯ ನಮ್ಮ ಓಣಿಗೆ ಬಂದು ರತ್ನವ್ವನ ಮನೆ ಎಲ್ಲಿ ಎಂದು ಕೇಳಿದರೆ, "ಗೋವಾ ಸೀರಿಯವರ ಮನಿ ಏನ್ರಿ?" ಎಂದು ಜನ ತಿರುಗಿ ಕೇಳುತ್ತಾರೆ. ಸಮುದ್ರವನ್ನು ಕಣ್ಣಿಂದ ಕಾಣದವಳಿಗೆ ಎಂಥ ಹೆಸರು ನೋಡಿ! ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವಳು ಇವಳು. ಗಂಟು ಹೊತ್ತು ಗದಗಿನಲ್ಲಿ ರೈಲು ಹತ್ತಿ, ಗೋವಾದ ಹಳ್ಳಿ ಹಳ್ಳಿ ತಿರುಗಿ ಮಾರಿ ಬರುವವನು ಇವಳ ಗಂಡ ವಿಠೋಬಾ ಮಾವ. ನಾನು ಪಕ್ಕದ ಮನೆಯ ಭುವನೇಶ್ವರಿ, ಚಿಕ್ಕವಳಿದ್ದಾಗಿನಿಂದ ಅವಳ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟವಳು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಅತ್ತಿ, ಮಾವ ಒಬ್ಬನ ಊರೆಲ್ಲಾ ನೋಡ್ಯಾಡತಾನ. ನೀವೂ ಒಮ್ಮೆ ಹೋಗಿ ಬರ್ರಿ" ಎಂದು ಎಷ್ಟು ಸಲ ಕೆಣಕಿದ್ದೇನೋ.

"ನಾ ಹೋದ್ರ ಮಗ್ಗದಾಗ ಯಾರ ಕುಂಡ್ರತಾರಲೇ? ನೀ ಕುಂಡ್ರತೀ ಏನ?" ಎನ್ನುತ್ತಿದ್ದಳು. ಅಲ್ಲಿಗೆ ನನ್ನ ಬಾಯಿ ಬಂದ್.

ಆ ಸೀರೆ ನಮ್ಮ ಕಡೆಯ ಸೀರೆಯಂತಲ್ಲ. ಕೆಂಪು ಚೌಕಳಿ, ದಪ್ಪ ನೂಲು, ಉದ್ದವೂ ಕಡಿಮೆ. ಅಲ್ಲಿಯ ಹೆಂಗಸರು ಅದನ್ನು ಮೊಣಕಾಲಿನ ತನಕ ಉಟ್ಟು, ಸೆರಗನ್ನು ಭುಜದ ಮೇಲೆ ಗಂಟು ಹಾಕಿ ಗದ್ದೆಗೆ ಇಳಿಯುತ್ತಾರೆ. ಆ ಗದ್ದೆಗಳು ಹೊಳೆಗಿಂತ ತಗ್ಗಿನಲ್ಲಿವೆಯಂತೆ. ಸಮುದ್ರ ಉಕ್ಕಿದಾಗ ಹೊಳೆಯೊಳಗೆ ಉಪ್ಪುನೀರು ಏರುತ್ತದೆ; ಅದು ಗದ್ದೆಗೆ ನುಗ್ಗಬಾರದೆಂದು ಅವರ ಹಿರಿಯರು ಮಣ್ಣಿನ ಒಡ್ಡು ಕಟ್ಟಿ ಅದಕ್ಕೆ ಮರದ ಬಾಗಿಲು ಇಟ್ಟಿದ್ದರು. ಇದನ್ನೆಲ್ಲ ಮಾವ ಬಂದು ಬಂದು ಹೇಳುತ್ತಿದ್ದ. ಅವನ ಅಪ್ಪನ ಕಾಲಕ್ಕೆ ಅಲ್ಲಿ ಪೋರ್ತುಗೀಸರ ಆಳಿಕೆ. ಗಡಿಯಲ್ಲಿ ಕಸ್ಟಮ್ಸಿನವರು ಗಂಟು ಬಿಚ್ಚಿಸುತ್ತಾರೆಂದು ಆ ಮುದುಕ ಧೋತರದೊಳಗೆ ಹೊಟ್ಟೆಗೆ ಸೀರೆ ಸುತ್ತಿಕೊಂಡು ಹೋಗುತ್ತಿದ್ದನಂತೆ. ಹೋಗುವಾಗ ಸಾಹುಕಾರನ ಹೊಟ್ಟೆ, ಬರುವಾಗ ಬಡಕಲು!

ಜುವಾರಿ ಹೊಳೆಯ ದಡದ ಒಂದು ಹಳ್ಳಿಯಲ್ಲಿ ಶೆವಂತಿ ಎಂಬ ಹೆಂಗಸು ಮಾವನ ಕಾಯಂ ಗಿರಾಕಿ. ಅವಳು ರತ್ನವ್ವನಿಗಾಗಿ ಕೋಕಂ ಸಿಪ್ಪೆ, ತಮ್ಮೂರ ಆಗರದ ಹರಳುಪ್ಪು ಕೊಟ್ಟು ಕಳಿಸುತ್ತಿದ್ದಳು. ಇಲ್ಲಿಂದ ಶೇಂಗಾ ಹಿಂಡಿ, ಕಟಕ ರೊಟ್ಟಿ ಹೋಗುತ್ತಿದ್ದವು. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ಆದರೂ ರತ್ನವ್ವ ಅವಳನ್ನು ತಂಗಿ ಎನ್ನುತ್ತಿದ್ದಳು. ಒಡಹುಟ್ಟಿದವರ ಬಗ್ಗೆಯೂ ಅವಳು ಅಷ್ಟು ಅಕ್ಕರೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಒಂದು ಮಳೆಗಾಲ ಆ ಒಡ್ಡು ಒಡೆಯಿತು. ಮೇಲಿನ ಗಣಿಗಳ ಕೆಂಪು ಕೆಸರು ತುಂಬಿ ಹೊಳೆಯ ಪಾತ್ರವೇ ಮೇಲೆದ್ದಿತ್ತಂತೆ. ಹಿಂದೆ ಒಡ್ಡು ಬಿರುಕು ಬಿಟ್ಟರೆ ಊರಿಗೆ ಊರೇ ಬುಟ್ಟಿ ಹಿಡಿದು ಓಡುತ್ತಿತ್ತು. ಈಗ ಯಾರೂ ಬರಲಿಲ್ಲ. ಗದ್ದೆ ಹಾಳಾದರೆ ಪ್ಲಾಟು ಮಾಡಿ ಮಾರಬಹುದಲ್ಲ, ಅದಕ್ಕೇ ಕಾಯುತ್ತಿದ್ದರು ಕೆಲವರು. ಅವರ ಮನೆ ಹಾಳಾಗ! ಉಪ್ಪುನೀರು ಒಳಗೇ ನಿಂತು ಗದ್ದೆಯಲ್ಲೆಲ್ಲ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ ಎದ್ದಿತು. ಹೆಂಗಸರು ಹೋಟೆಲುಗಳಲ್ಲಿ ಕೋಣೆ ಗುಡಿಸಲು ಹೋದರು. ಕೆಸರೇ ತುಳಿಯದವರಿಗೆ ಗಿಡ್ಡ ಸೀರೆ ಏಕೆ? ಉಳಿದ ಸೀರೆಗಳನ್ನು ಸಿಕ್ಕ ಬೆಲೆಗೆ ಮಾರಿದ ಮೇಲೆ ಮಾವನ ಗಂಟು ಮೂಲೆ ಸೇರಿತು, ಮಗ್ಗ ನಿಂತಿತು. ಹೋದ ವರ್ಷ ಶ್ರಾವಣದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ ಮಾವ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ.

ಈ ವರ್ಷ ಶೆವಂತಿಯ ಸೊಸೆ ಭಾಗ್ಯಾ ಫೋನ್ ಮಾಡಿದಳು. ಅವಳು ಶಿರಹಟ್ಟಿ ಕಡೆಯವಳು. ಅಪ್ಪ-ಅವ್ವ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋದವರು, ಅಲ್ಲಿಯೇ ಬೆಳೆದು ಅಲ್ಲಿಯವನನ್ನೇ ಮದುವೆಯಾಗಿದ್ದಾಳೆ.

"ನಮ್ಮತ್ತಿ ಹಾಸಿಗಿ ಹಿಡದಾರ್ರಿ. ಗದ್ದಿ ಸೀರಿ ಉಟಗೊಂಡ ಮಣ್ಣಿಗೆ ಹೋಗಬೇಕಂತ ಹಟ ಹಿಡದಾರ. ವಿಠೋಬಾಗ ಹೇಳು, ತರ್ತಾನ ಅಂತಾರ. ವಿಠೋಬಾ ಮಾವಾರ ತೀರಿಕೊಂಡಿದ್ದ ನಾವು ಹೇಳಿಲ್ರಿ. ಹೇಳಿದ್ರ ಅವತ್ತ ಜೀವಾ ಬಿಡ್ತಾರ. ಮೊಣಕಾಲ ಬ್ಯಾನಿ, ಬರಾಕ ಆಗೂದಿಲ್ಲ ಅಂದೇನಿ. ನೀವೂ ಹಂಗ ಹೇಳ್ರಿ."

"ಆತವ್ವಾ, ನಾನ ತರ್ತೀನಿ" ಎಂದಳು ರತ್ನವ್ವ.

ಮಗ ಮನೋಹರ ಗದಗಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾನೆ. "ಅಂಗಡ್ಯಾಗ ಚೌಕಳಿ ಸೀರಿ ಸಿಗತಾವಬೇ. ಒಂದ ಕೊರಿಯರ್ ಮಾಡಿದ್ರ ಆತಲ್ಲ" ಎಂದ. ರತ್ನವ್ವ ಆಗಲೇ ಕುಣಿಯೊಳಗಿನ ಜೇಡರ ಬಲೆ ತೆಗೆಯುತ್ತಿದ್ದಳು. ನಾನು ಮತ್ತೆ ಕಂಡಿಕೆ ಸುತ್ತಲು ಕುಳಿತೆ. ನೂಲು ಕಣ್ಣಿಗೆ ಕಾಣದೆ ಅವಳ ಕೈ ತಡವರಿಸುತ್ತಿತ್ತು, ಎಳೆ ಕಡಿದಾಗಲೆಲ್ಲ ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಈ ಸೀರೆಗೆ ಟೇಪು ಹಿಡಿಯುವ ರೂಢಿ ಎಂದೂ ಇರಲಿಲ್ಲ. ಮಾವ ಮಗ್ಗದ ಮೇಲೆಯೇ ಮೊಳ ಹಾಕಿ ಗುರುತು ಮಾಡುತ್ತಿದ್ದ, ಆ ಗುರುತಿನ ತನಕ ಇವಳು ನೇಯುತ್ತಿದ್ದಳು. ಈ ಸಲ ಇವಳೇ ತನ್ನ ಮೊಳ ಹಾಕಿ ಅಳೆದು ಮುಗಿಸಿದಳು. ಅದರಲ್ಲಿ ತಪ್ಪೇನಿದೆಯೆಂದು ನಮ್ಮಿಬ್ಬರ ತಲೆಗೂ ಆಗ ಹೊಳೆಯಲಿಲ್ಲ.

ಜೊತೆಗೆ ನಾನೇ ಹೊರಟೆ. ಮಡಗಾಂವದಲ್ಲಿ ಇಳಿದು ಬಸ್ಸು ಹಿಡಿದೆವು. ಊರು ಹತ್ತಿರವಾದಾಗ ರತ್ನವ್ವ ಮೆಲ್ಲಗೆ ಕೇಳಿದಳು, "ಭುವನಾ, ನಿನ್ನ ಚೀಲದಾಗ ಕುಂಕುಮ ಐತೇನಲೇ?"

ನಾನು ಅವಳ ಕಡೆ ತಿರುಗಿದೆ. "ಏನ್ ಮಾತ್ರೀ ಅತ್ತಿ ಇದು!"

"ಬರೇ ಹಣಿ ನೋಡಿದ್ರ ಆಕಿಗೆ ತಿಳೀತೈತಿ. ಹಚ್ಚು. ಬಳಿನೂ ಕೊಡು."

ಗಂಡ ಸತ್ತ ಮೇಲೆ ನಾವೇ ಹತ್ತು ಮಂದಿ ನಿಂತು ಒರೆಸಿದ ಹಣೆ ಅದು. ಬಸ್ಸು ಕುಲುಕಾಡುತ್ತಿತ್ತು. ಹಚ್ಚಿದೆ. ನನ್ನ ಹಸಿರು ಬಳೆಗಳನ್ನು ತೆಗೆದು ಅವಳ ಕೈಗೆ ಏರಿಸಿದೆ. ಕೊರಳು ಕಾಣದಂತೆ ಅವಳು ಸೆರಗು ಹೊದ್ದುಕೊಂಡಳು. ಕಿಟಕಿಯ ಗಾಜಿನಲ್ಲಿ ಒಮ್ಮೆ ಮುಖ ನೋಡಿಕೊಂಡು ತಟ್ಟನೆ ಕಣ್ಣು ಆಚೆ ತಿರುಗಿಸಿದಳು. ನನಗೆ ದೇವರ ಮೇಲೇ ಸಿಟ್ಟು ಬಂತು.

ಶೆವಂತಿಯ ಮನೆಯ ಮುಂದೆ ನಿಂತರೆ ಗದ್ದೆಗಳೇ ಕಾಣಲಿಲ್ಲ, ಬರೀ ನೀರು. ಆಚೆ ಒಡ್ಡಿನ ಮುರುಕು. ಒಳಗೆ ಮಂಚದ ಮೇಲೆ ಒಂದು ಹಿಡಿ ಮುದುಕಿ. ರತ್ನವ್ವನನ್ನು ಕಂಡದ್ದೇ ನಕ್ಕು, ಎರಡೂ ಕೈಯಿಂದ ಅವಳ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಅವಳ ಕೊಂಕಣಿಯನ್ನು ಭಾಗ್ಯಾ ನಮಗೆ ತಿಳಿಸಿ ಹೇಳಿದಳು, "ಇಷ್ಟ ದಿನಾ ನೇಯ್ದ ಕೈ ಇದನ ಏನ ಅಂತಾರ್ರಿ. ವಿಠೋಬಾ ಹೆಂಗದಾನ ಅಂತ ಕೇಳಾಕತ್ತಾರ."

"ಅರಾಮ ಅದಾರ" ಎಂದಳು ರತ್ನವ್ವ. "ಮೊಣಕಾಲ ಒಂದ ಬ್ಯಾನಿ."

ಶೆವಂತಿ ಸೀರೆ ಬಿಚ್ಚಿಸಿದಳು. ಮೂಸಿದಳು, ದಡಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಮಲಗಿದಲ್ಲೇ ಮೊಣಕೈ ಊರಿ ಸೀರೆಯ ಉದ್ದಕ್ಕೂ ಮೊಳ ಹಾಕುತ್ತ ಹೋದಳು. ತುದಿಗೆ ಬಂದು ನಿಂತು, ಮತ್ತೆ ಮೊದಲಿಂದ ಹಾಕಿದಳು. ಅವಳ ಮುಖದ ನಗು ಹೋಯಿತು. ಏನೋ ಕೇಳಿದಳು. ಭಾಗ್ಯಾ ಬಾಯಿ ಬಿಡಲಿಲ್ಲ. ಮುದುಕಿ ಗದರಿದ ಮೇಲೆ ಹೇಳಿದಳು.

"ಇದು ಅವನ ಮೊಳ ಅಲ್ಲ, ಗಿಡ್ಡ ಐತಿ ಅಂತಾರ್ರಿ. ಮೊಣಕಾಲ ನೋವಾದ್ರ ಕೈ ಗಿಡ್ಡ ಆಗತೈತೇನ ಅಂತ ಕೇಳತಾರ."

ರತ್ನವ್ವ ತಲೆ ಬಗ್ಗಿಸಿ ಕುಳಿತಳು, ಕೈಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಶೆವಂತಿ ಅವಳ ಹಣೆಯ ಕುಂಕುಮವನ್ನು ಬಹಳ ಹೊತ್ತು ನೋಡಿದಳು. ನಾವು ಹೆದರಿದಂತೆ ಅವಳು ಚೀರಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕಣ್ಣ ತುದಿಯಿಂದ ನೀರು ಇಳಿದು ದಿಂಬಿಗೆ ಹೋಯಿತು, ಅಷ್ಟೇ. ಸೀರೆಯನ್ನು ಎದೆಯ ಮೇಲೆ ಎಳೆದುಕೊಂಡಳು.

"ಇಷ್ಟ ಸಾಕಂತ. ನಾನೂ ಬತ್ತಿ ಗಿಡ್ಡ ಆಗೇನಿ ಅಂತಾರ" ಎಂದಳು ಭಾಗ್ಯಾ, ಮೂಗು ಒರೆಸಿಕೊಳ್ಳುತ್ತ. ಮುದುಕಿ ಇನ್ನೊಂದು ಮಾತು ಕೇಳಿದಳು. ಭಾಗ್ಯಾ ತಡೆದು ತಡೆದು ಹೇಳಿದಳು, "ಮಾವಾರಿಗೆ ಏನ ಉಡಿಸಿ ಕಳಿಸಿದ್ರಿ ಅಂತ ಕೇಳಾಕತ್ತಾರ್ರಿ. ನೀವು ನೇಯ್ದದ್ದ ಏನ ಅಂತ."

ರತ್ನವ್ವ ಸೀರೆಯ ಅಂಚು ಹಿಡಿದುಕೊಂಡಳು.

"ಅಂಗಡಿ ಅರಿವಿ, ತಂಗಿ" ಎಂದಳು. "ಗಿರಣಿದು. ಮಗಾ ಓಡಿ ಹೋಗಿ ತಂದಾ. ಇದ್ದದ್ದೆಲ್ಲಾ ಮಾರಿದ್ವಿ, ಮಗ್ಗಾ ಖಾಲಿ ಇತ್ತು. ನನ್ನ ಗಂಡಗ ಹೊಚ್ಚಾಕ ನನ್ನ ಕೈಯಿಂದು ಒಂದ ಗೇಣ ಅರಿವಿ ಮನಿಯಾಗ ಇರಲಿಲ್ಲ."

ಈ ಮಾತನ್ನು ಭಾಗ್ಯಾ ಕೊಂಕಣಿಯಲ್ಲಿ ಹೇಳುವ ಮೊದಲೇ ಮುದುಕಿ ಕೈ ಚಾಚಿದ್ದಳು. ರತ್ನವ್ವ ಮಂಚದ ಅಂಚಿಗೆ ತಲೆ ಇಟ್ಟು ಗೋಳೋ ಎಂದು ಅತ್ತಳು. ಮಾವ ತೀರಿಕೊಂಡ ದಿನವೂ ಅವಳು ಹೀಗೆ ಅತ್ತಿರಲಿಲ್ಲ.