ಕೋಠಿ ಗಲ್ಲಿಯ ಹಳೇ ಕ್ಯಾಮೆರಾ

ಹದಿನೆಂಟು ಸಾವಿರ. ಕ್ಯಾಮೆರಾಕ್ಕೆ ಹನ್ನೆರಡು, ಜೂಮ್ ಲೆನ್ಸಿಗೆ ಎರಡೂವರೆ, ಮಬ್ಬು ಬೆಳಕಿನಲ್ಲೂ ಚಂದ ತೆಗೆಯುವ ಐವತ್ತು ಎಂಎಂ ಲೆನ್ಸಿಗೆ ಮೂರೂವರೆ. ಎಲ್ಲ ಹಳೆಯವೇ, ಹೊಸದಾಗಿದ್ದರೆ ಎರಡರಷ್ಟು ಬೀಳುತ್ತಿತ್ತು. ಖರೀದಿಗೆ ಕಾರಣ ತಂಗಿಯ ಕುಬಸ, ಅಂದರೆ ಸೀಮಂತ. "ಫೋಟೋದವಗ ಯಾಕ ದುಡ್ಡು ಸುರೀತೀರಿ, ನಾ ಇದ್ದೀನಲ್ಲ" ಎಂದು, ಗೊತ್ತುಮಾಡಿದ್ದವನನ್ನು ನಾನೇ ಬಿಡಿಸಿದ್ದೆ. ಆಗಿನ್ನೂ ನನ್ನ ಬಳಿ ಕ್ಯಾಮೆರಾನೇ ಇರಲಿಲ್ಲ! ಅವಳದು ಚೊಚ್ಚಲ ಬಸಿರು. ಫೋಟೋ ಕೆಟ್ಟರೆ ಆ ದಿನ ತಿರುಗಿ ಬರುವುದಿಲ್ಲ.

ಹೈದರಾಬಾದಿನ ಗಚ್ಚಿಬೌಲಿಯ ಐಟಿ ಕಂಪನಿಗಳಲ್ಲಿ ಸಂಬಳ ಏರಿದಂತೆಲ್ಲ ಜನ ಕ್ಯಾಮೆರಾ ಬದಲಿಸುತ್ತಿದ್ದ ಕಾಲ ಅದು. ಅವರು ಬಿಟ್ಟದ್ದು ಕೋಠಿಯ ಗಲ್ಲಿಗೆ ಬಂದು ಬೀಳುತ್ತಿತ್ತು. ನಾವಿದ್ದ ಕುಷಾಯಿಗೂಡದಿಂದ ಬಸ್ ಹಿಡಿದು ಹೆಂಡತಿಯ ಜೊತೆ ಹೋದೆ. ಅಂಗಡಿಯವನು ಹದಿನೆಂಟು ಎಂದ. ನಾನು ಹಿಂದಿಯಲ್ಲಿ ಹದಿನಾಲ್ಕರಿಂದ ಶುರು ಮಾಡಿ ಹದಿನಾರಕ್ಕೆ ಬಂದು ಕೂತೆ. ಹೆಂಡತಿ ಮೊಣಕೈಯಿಂದ ತಿವಿದಳು. ಹೈದರಾಬಾದಿನಲ್ಲಿ ನಮ್ಮವರಿಗೆಲ್ಲ ಒಂದು ಧೈರ್ಯ, ಅಂಗಡಿಯಲ್ಲಿ ಕನ್ನಡ ಆಡಿದರೆ ಯಾರಿಗೂ ತಿಳಿಯದು ಅಂತ.

"ಸುಮ್ನಿರು, ಹದಿನಾರಕ್ಕ ಇಳೀತಾನ. ಇಳೀಲಿಲ್ಲಂದ್ರ ಹದಿನೆಂಟೂ ಕೊಟ್ಟು ಒಯ್ಯೂಣು. ಕುಬಸ ನಾಳೆನ ಐತಿ" ಎಂದೆ ಅವಳಿಗೆ.

ಅಂಗಡಿಯವನು ಲೆನ್ಸ್ ಒರೆಸುತ್ತಲೇ, "ಹಂಗಾದ್ರ ಹದಿನೆಂಟ ಕೊಡ್ರಿ ಸಾಹೇಬ್ರ. ನಂದು ಹುಮನಾಬಾದ್" ಎಂದ.

ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ನಮ್ಮನಿಯವ್ರು ಭಾಳ ಶ್ಯಾಣ್ಯಾರ್ರಿ!" ಎಂದು ಅವನಿಗೇ ಹೇಳಿದಳು.

ಸೋತೆ ಸರಿ, ಆದರೆ ಬರಿಗೈಲಿ ಸೋಲುವ ಅಭ್ಯಾಸ ನನಗಿಲ್ಲ. "ನಮ್ಮ ಕಡ್ಯಾವ್ರು ಅಂದಮ್ಯಾಲೆ ಖರೇ ಹೇಳ್ರಿ ಅಣ್ಣಾರ. ನಿಮ್ಮ ತಂಗಿ ಕುಬಸಕ್ಕ ಇವನ್ನ ಒಯ್ತಿದ್ರೇನು?"

ಅವನು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟ. ಆಮೇಲೆ ಜೂಮ್ ಲೆನ್ಸಿಗೆ ಟಾರ್ಚ್ ಬಿಟ್ಟು ತೋರಿಸಿದ. ಒಳಗಾಜಿನ ಮೇಲೆ ಜೇಡರ ಬಲೆಯಂಥ ಬೂಜು. "ಇದು ಬ್ಯಾಡ್ರಿ" ಎಂದು ಕಪಾಟಿನಿಂದ ಬೇರೆಯದನ್ನು ತೆಗೆದುಕೊಟ್ಟ. ರೇಟು ಒಂದು ರೂಪಾಯಿಯೂ ಇಳಿಯಲಿಲ್ಲ. ಚಹಾ ಮಾತ್ರ ಎರಡು ಸಲ ಕುಡಿಸಿದ.

ಮರುದಿನ ಒಂದೇ ಟ್ಯೂಬ್‌ಲೈಟಿನ ಬೆಳಕಿನಲ್ಲಿ ತಂಗಿಯ ಹಸಿರು ಬಳೆ, ಉಡಿ ತುಂಬುವ ಮುತ್ತೈದೆಯರ ಕೈ, ಎಲ್ಲ ಸ್ಪಷ್ಟವಾಗಿ ಬಂದವು. "ಅಣ್ಣಾ, ನಾ ಇಷ್ಟ ಚಂದ ಇದ್ದೀನೇನು?" ಎಂದು ಅವಳು ಮತ್ತೆ ಮತ್ತೆ ನೋಡಿದಳು.

ನೀವೂ ಹಳೆಯದು ಕೊಳ್ಳುವವರಾದರೆ ಲೆನ್ಸಿಗೆ ಎರಡೂ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ ಅಂಗಡಿಯ ಕತ್ತಲ ಮೂಲೆಯ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ದುಡ್ಡು ಸಾಲದಿದ್ದರೆ ಕ್ಯಾಮೆರಾದಲ್ಲಿ ಉಳಿಸಿ ಲೆನ್ಸಿಗೆ ಹಾಕಿ. ಇನ್ನೊಂದು, ಮನೆಯಲ್ಲಿ ಕಾರ್ಯ ಇದ್ದರೆ ಒಂದು ತಿಂಗಳು ಮೊದಲೇ ಹೋಗಿ. ನಾಳೆಗೇ ಬೇಕಾದವನ ಚೌಕಾಸಿಗೆ ಯಾವ ಅಂಗಡಿಯವನೂ ಬಗ್ಗುವುದಿಲ್ಲ.