ಜ್ವಾಲಾಮುಖಿ ತಡೆದ ಮಳೆ

ದುಂಡಸಿಯ ಮಳೆಮಾಪಕದಲ್ಲಿ ವಾರವಿಡೀ ಸೊನ್ನೆ. ದೂರದ ಜ್ವಾಲಾಮುಖಿಯ ಹೊಗೆ ಸೇರಿ ಮೋಡದ ಹನಿಗಳು ತೀರ ಸಣ್ಣವಾಗಿವೆ, ಅದಕ್ಕೇ ಮೋಡ ಬೆಳ್ಳಗೆ ಹೊಳೆಯುತ್ತದೆ, ಸುರಿಯುವುದಿಲ್ಲ ಎಂದು ಮೇಲಧಿಕಾರಿಗೆ ವರದಿ ಕಳಿಸಿಬಿಟ್ಟೆ.

ಮರುದಿನ ಅಲ್ಲಿಗೆ ಹೋದರೆ ಊರ ತುಂಬ ಕೆಸರು. ಮಾಪಕದ ಬಾಯಿಗೆ ಸ್ಟೀಲಿನ ತಾಟು, ಅದರ ಮೇಲೊಂದು ಕಲ್ಲು.

"ಇದನ್ಯಾಕ ಮುಚ್ಚೀರಿ ಅಕ್ಕಾರ?" ದಿನಾ ಅಳತೆ ಕಳಿಸುವ ಗಂಗವ್ವನನ್ನು ಕೇಳಿದೆ.

"ಬೂದಿ ಬರಾಕತ್ತೈತಿ ಅಂತ ನೀವ ಫೋನಿನ್ಯಾಗ ಅಂದ್ರಲ್ಲರಿ. ನಿಮ್ಮ ಡಬ್ಬಿ ಹೊಲಸಾಗಬಾರ್ದಂತ ಮುಚ್ಚೇನ್ರಿ."

"ಮತ್ತ ಸೊನ್ನೆ ಅಂತ ಬರದೀರಿ?"

"ಒಳಗ ನೀರ ಇರಲಿಲ್ಲರಿ. ಇಲ್ಲದ್ದು ಹ್ಯಾಂಗ ಬರೀಲಿ?"

ಅಷ್ಟರಲ್ಲಿ ಮೇಲಧಿಕಾರಿಯ ಫೋನು. ವರದಿ ಬಹಳ ಚೆನ್ನಾಗಿದೆಯಂತೆ, ಹಾನಗಲ್ಲಿಗೂ ಹಿರೇಕೆರೂರಿಗೂ ಇಂಥದೇ ಬೇಕಂತೆ.

ಅಷ್ಟು ತಾಟು ಎಲ್ಲಿಂದ ತರಲಿ?